ಉಕ್ಕುವ ಬೆಟ್ಟದ ಬಳಿ ನಿಂತು ಅಳೆಯುವುದೇನನ್ನು?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವಳು, ಬಿ.ಎಸ್‌ಸಿ.ಯಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ಹವಾಯಿಯ ಕಿಲವೇಯಾ ಜ್ವಾಲಾಮುಖಿ ಚಿಮ್ಮುವುದನ್ನು ಮೊಬೈಲಿನ ನೇರಪ್ರಸಾರದಲ್ಲಿ ನೋಡಿದೆ. ಕ್ಯಾಮೆರಾ, ಡ್ರೋನ್, ಉಪಗ್ರಹ ಎಲ್ಲವೂ ಇರುವಾಗ ವಿಜ್ಞಾನಿಗಳು ಅದರ ಹತ್ತಿರ ಹೋಗುವುದೇಕೆ? ಅಲ್ಲಿ ಅವರು ಅಳೆಯುವುದು ಏನನ್ನು? ಯಾವಾಗ ಸಿಡಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮೊದಲೇ ಹೇಳಲು ಆಗುತ್ತದೆಯೇ? ನಮ್ಮ ಕಡೆ ಇದನ್ನು ಕಲಿಯುವ ದಾರಿ ಏನಾದರೂ ಇದೆಯೇ?

ಉತ್ತರ: ‘ಜ್ವಾಲಾಮುಖಿ’ ಎಂಬ ನಮ್ಮ ಪದ ಕಿವಿಗೆ ಚೆನ್ನಾಗಿದೆ, ಆದರೆ ಕಲಿಯುವವರ ದಾರಿಯನ್ನು ಸ್ವಲ್ಪ ತಪ್ಪಿಸುತ್ತದೆ. ಆ ಬೆಟ್ಟದ ಬಾಯಿಂದ ಬರುವುದರಲ್ಲಿ ಜ್ವಾಲೆ ತೀರಾ ಕಡಿಮೆ. ಬರುವುದು ಕರಗಿ ಕೆಂಪಾಗಿ ಹೊಳೆಯುವ ಕಲ್ಲು ಮತ್ತು ಆ ಕಲ್ಲಿನೊಳಗಿಂದ ಬಿಡಿಸಿಕೊಂಡು ಹೊರಡುವ ಅನಿಲ. ಒಳಗಿರುವ ಕರಗಿದ ಕಲ್ಲಿಗೆ ನಮ್ಮ ಪಠ್ಯಪುಸ್ತಕಗಳು ಬಳಸುವ ‘ಶಿಲಾಪಾಕ’ ಎಂಬ ಮಾತು ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಈ ವಿದ್ಯೆಯ ಅರ್ಧ ಭಾಗ ಪಾಕದ ಹದವನ್ನು ತಿಳಿಯುವುದರಲ್ಲೇ ಇದೆ. ನೀವು ಮೊಬೈಲಿನಲ್ಲಿ ನೋಡಿದ ಕೆಂಪು ಕಾರಂಜಿ ಕಣ್ಣಿಗೆ ಹಬ್ಬ, ನಿಜ. ಆದರೆ ಅಲ್ಲಿನ ವೀಕ್ಷಣಾಲಯದವರಿಗೆ ಅದು ಬಹಳ ತಡವಾಗಿ ಬರುವ ಸುದ್ದಿ. ಅವರ ಕಣ್ಣಿರುವುದು ಮುಖ್ಯವಾಗಿ ಕಾಣದ ಸಂಗತಿಗಳ ಮೇಲೆ. ನೆಲ ಎಷ್ಟು ಉಬ್ಬಿತು, ಹೇಗೆ ನಡುಗಿತು, ಯಾವ ಅನಿಲವನ್ನು ಎಷ್ಟು ಹೊರಬಿಟ್ಟಿತು, ಹೊರಬಂದ ಕಲ್ಲು ಎಂಥದ್ದು ಎಂಬ ನಾಲ್ಕನ್ನು ಒಟ್ಟಿಗೆ ಇಟ್ಟು ಓದುವುದೇ ಅವರ ಕೆಲಸ. ಇವುಗಳಲ್ಲಿ ಯಾವ ಒಂದೂ ತಾನಾಗಿ ಪೂರ್ತಿ ಸತ್ಯವನ್ನು ಹೇಳುವುದಿಲ್ಲ ಎಂಬುದನ್ನು ಮುಂದೆ ಒಂದು ಉದಾಹರಣೆಯಿಂದ ತೋರಿಸುತ್ತೇನೆ.

ಕಿಲವೇಯಾದಲ್ಲಿ ಈ ಓದು ಆರಂಭವಾದದ್ದು ಒಂದು ದುರಂತದಿಂದ. 1902ರ ಮೇ ತಿಂಗಳಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದ ಪೆಲೀ ಪರ್ವತ ಸಿಡಿದು ಸೇಂಟ್ ಪಿಯರ್ ಪಟ್ಟಣದಲ್ಲಿ ಸುಮಾರು 28,000 ಜನ ಸತ್ತರು. ಅಲ್ಲಿಗೆ ಹೋಗಿ ಅವಶೇಷಗಳನ್ನು ಕಂಡವರಲ್ಲಿ ಥಾಮಸ್ ಜಾಗರ್ ಎಂಬ ಅಮೆರಿಕದ ಭೂವಿಜ್ಞಾನಿಯೂ ಒಬ್ಬರು. ಅನಾಹುತ ಮುಗಿದ ಮೇಲೆ ಹೋಗಿ ನೋಡುವುದರಿಂದ ಪ್ರಯೋಜನವಿಲ್ಲ, ಒಂದೇ ಬೆಟ್ಟದ ಮಗ್ಗುಲಲ್ಲಿ ವರ್ಷಗಟ್ಟಲೆ ಕುಳಿತು ಅದರ ದಿನಚರಿಯನ್ನೇ ಬರೆಯಬೇಕು ಎಂಬ ನಿಶ್ಚಯಕ್ಕೆ ಅವರು ಬಂದರು. ಕಿಲವೇಯಾದ ಅಂಚಿನಲ್ಲಿ 1912ರಲ್ಲಿ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯ ಶುರುವಾಯಿತು. ಭೂಕಂಪಮಾಪಕಗಳನ್ನು ಇಡಲು ಬೇಕಿದ್ದ ನೆಲಮಾಳಿಗೆಯನ್ನು ತೋಡಿದವರು ಸೆರೆಮನೆಯ ಖೈದಿಗಳು. ಮಾಪಕಗಳಲ್ಲಿ ಕೆಲವು ಜಪಾನಿನ ಭೂಕಂಪ ವಿಜ್ಞಾನಿ ಒಮೊರಿ ಅವರ ವಿನ್ಯಾಸದವು. ಅದಕ್ಕೂ ಒಂದು ವರ್ಷ ಮೊದಲು, 1911ರಲ್ಲಿ, ಅಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಕುಳಿಯ ಮೇಲೆ ಅಡ್ಡಲಾಗಿ ತಂತಿ ಕಟ್ಟಿ, ಅದರಿಂದ ವಿದ್ಯುತ್ ತಾಪಮಾಪಕವನ್ನು ಕುದಿಯುತ್ತಿದ್ದ ಲಾವಾ ಕೆರೆಗೆ ಇಳಿಬಿಟ್ಟು ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಎಂದು ಓದಿಕೊಂಡಿದ್ದರು.

ಇನ್ನು ನೆಲದ ಉಬ್ಬಿನ ವಿಚಾರ. ಮನೆ ಕಟ್ಟುವಾಗ ಗಾರೆ ಮೇಸ್ತ್ರಿಗಳು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಈ ಮೂಲೆಗೂ ಇನ್ನೊಂದನ್ನು ಆ ಮೂಲೆಗೂ ಹಿಡಿದು, ಎರಡೂ ಕಡೆ ನೀರಿನ ಮಟ್ಟಕ್ಕೆ ಗೆರೆ ಎಳೆಯುವುದನ್ನು ನೀವು ಖಂಡಿತ ನೋಡಿರುತ್ತೀರಿ. ಕಿಲವೇಯಾದಲ್ಲಿ 1950ರ ದಶಕದಲ್ಲಿ ಬಳಕೆಗೆ ತಂದ ವಾಲುಮಾಪಕದ ತತ್ತ್ವವೂ ಅದೇ: ದೂರದೂರದಲ್ಲಿ ನೀರಿನ ಪಾತ್ರೆಗಳನ್ನು ಇಟ್ಟು, ಕೊಳವೆಯಿಂದ ಜೋಡಿಸಿ, ಒಂದರಲ್ಲಿ ನೀರು ಏರಿ ಮತ್ತೊಂದರಲ್ಲಿ ಇಳಿದರೆ ನೆಲ ಯಾವ ಕಡೆ ವಾಲಿತೆಂದು ಲೆಕ್ಕ ಹಾಕುವುದು. ಈಗ ಆ ಕೆಲಸವನ್ನು ಕೊಳವೆಬಾವಿಯಂಥ ಕಿರಿದಾದ ರಂಧ್ರದೊಳಗೆ ಇಳಿಸಿದ ಎಲೆಕ್ಟ್ರಾನಿಕ್ ಉಪಕರಣ ಮಾಡುತ್ತದೆ. ಅದು ಬಳಸುವ ಅಳತೆಯ ಮಾನ ಮೈಕ್ರೊರೇಡಿಯನ್. ಒಂದು ಕಿಲೋಮೀಟರ್ ಉದ್ದದ ತೊಲೆಯ ಒಂದು ತುದಿಯನ್ನು ಒಂದು ಮಿಲಿಮೀಟರ್ ಎತ್ತಿದರೆ ಆಗುವ ಓರೆಯೇ ಒಂದು ಮೈಕ್ರೊರೇಡಿಯನ್. ಇಷ್ಟು ಸೂಕ್ಷ್ಮ ಬೇಕೇ ಎಂದು ಅನ್ನಿಸಬಹುದು. ಬೇಕು, ಏಕೆಂದರೆ ಶಿಖರದ ಕೆಳಗೆ ಒಂದೆರಡು ಕಿಲೋಮೀಟರ್ ಆಳದಲ್ಲಿರುವ ಶಿಲಾಪಾಕದ ಸಂಗ್ರಹಕ್ಕೆ ಹೊಸ ಪಾಕ ಬಂದು ಸೇರಿದಾಗ ಮೇಲಿನ ನೆಲ ರೊಟ್ಟಿಯಂತೆ ನಿಧಾನವಾಗಿ ಉಬ್ಬುತ್ತದೆ; ಪಾಕ ಬೇರೆ ಕಡೆಗೆ ಹರಿದುಹೋದಾಗ ಕುಗ್ಗುತ್ತದೆ. ಜಿಪಿಎಸ್ ಕೇಂದ್ರಗಳು ಈ ಉಬ್ಬನ್ನು ಬಿಂದುಬಿಂದುವಾಗಿ ಅಳೆದರೆ, ರೇಡಾರ್ ಉಪಗ್ರಹಗಳು ಎರಡು ಬೇರೆ ದಿನಗಳ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಇಡೀ ಬೆಟ್ಟದ ಏರುಪೇರನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತವೆ. ಉಪಗ್ರಹವಿರುವಾಗ ನೆಲದ ಉಪಕರಣ ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಉಪಗ್ರಹ ಕೆಲವು ದಿನಗಳಿಗೊಮ್ಮೆ ತಲೆಯ ಮೇಲೆ ಹಾದುಹೋಗುತ್ತದೆ, ವಾಲುಮಾಪಕ ನಿಮಿಷ ನಿಮಿಷಕ್ಕೂ ವರದಿ ಕಳಿಸುತ್ತದೆ.

ನಡುಕದಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ಓದಬೇಕು. ಬಂಡೆ ಬಿರಿದಾಗ ಆಗುವ ಕಂಪನ ಚಟ್ಟನೆ ಮೊದಲಾಗಿ ಬೇಗ ಅಡಗುತ್ತದೆ. ಅಂಥವುಗಳ ಸಾಲು ಒಂದು ದಿಕ್ಕಿನಲ್ಲಿ ಸರಿಯುತ್ತಾ ಹೋದರೆ, ಶಿಲಾಪಾಕವು ಕಲ್ಲನ್ನು ಸೀಳಿಕೊಂಡು ಆ ದಿಕ್ಕಿಗೆ ದಾರಿ ಮಾಡಿಕೊಳ್ಳುತ್ತಿದೆ ಎಂದೇ ಅರ್ಥ. ಇನ್ನೊಂದು ಬಗೆ ದ್ರವ ಮತ್ತು ಅನಿಲ ಬಿರುಕುಗಳಲ್ಲಿ ನುಗ್ಗಿ ಹರಿಯುವಾಗ ಹುಟ್ಟುವ, ತಾಸುಗಟ್ಟಲೆ ಎಡೆಬಿಡದೆ ಬರುವ ಗುಂಯ್‌ಗುಡುವಿಕೆ. ಮೊದಲನೆಯದು ಗೋಡೆ ಬಿರಿದ ಸದ್ದಾದರೆ ಎರಡನೆಯದು ನಲ್ಲಿಯೊಳಗೆ ನೀರು ಬಂದಾಗ ಪೈಪು ಅದುರಿದ ಸದ್ದು. ಅನುಭವವಿರುವವರು ಗ್ರಾಫಿನ ಗೆರೆಯನ್ನು ನೋಡಿದ ಕೂಡಲೇ ಎರಡನ್ನೂ ಬೇರೆ ಮಾಡುತ್ತಾರೆ.

ಇವೆಲ್ಲ ಒಟ್ಟಾಗಿ ಹೇಗೆ ಕೆಲಸಕ್ಕೆ ಬರುತ್ತವೆ ಎಂಬುದಕ್ಕೆ 2018ರ ಕಿಲವೇಯಾಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ಬೆಟ್ಟದ ಪೂರ್ವದ ಬಿರುಕು ವಲಯದಲ್ಲಿ ಪುವು ಓಓ ಎಂಬ ಶಂಕು 1983ರ ಜನವರಿಯಿಂದ ಲಾವಾ ಸುರಿಸುತ್ತಲೇ ಇತ್ತು. ಶಿಖರದ ಹಲೆಮಾವುಮಾವು ಕುಳಿಯಲ್ಲಿ 2008ರಿಂದ ಒಂದು ಲಾವಾ ಕೆರೆ ಇತ್ತು. 2018ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪುವು ಓಓ ಸುತ್ತ ನೆಲ ಉಬ್ಬತೊಡಗಿತು, ಶಿಖರದ ಕೆರೆ ಅಂಚು ಮೀರಿ ಉಕ್ಕಿತು. ಒಳಗೆ ಒತ್ತಡ ಏರುತ್ತಿದೆ, ಹೊಸ ಬಾಯಿ ತೆರೆಯಬಹುದು ಎಂದು ವೀಕ್ಷಣಾಲಯ ಏಪ್ರಿಲ್ ತಿಂಗಳಲ್ಲೇ ಎಚ್ಚರಿಕೆ ಕೊಟ್ಟಿತು. ಏಪ್ರಿಲ್ 30ರಂದು ಪುವು ಓಓ ಕುಳಿಯ ತಳ ಕುಸಿಯಿತು. ಅಲ್ಲಿಂದ ಸಣ್ಣ ಸಣ್ಣ ಭೂಕಂಪಗಳ ಸಾಲು ಪೂರ್ವಕ್ಕೆ, ಜನವಸತಿಯ ಕಡೆಗೆ, ನಡೆಯತೊಡಗಿತು. ಲೇಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ಡಾಂಬರು ರಸ್ತೆಗಳಲ್ಲಿ ಮೊದಲು ಕಾಣಿಸಿದ್ದು ಕೂದಲೆಳೆಯ ಬಿರುಕುಗಳು. ನೋಡಿದವರಿಗೆ ಅದು ಗುತ್ತಿಗೆದಾರರ ಕಳಪೆ ಕೆಲಸವೆಂದು ಅನ್ನಿಸುವಷ್ಟು ಸಾಧಾರಣ. ಆದರೆ ಕಂಪನಗಳ ನಕ್ಷೆಯನ್ನು ಪಕ್ಕದಲ್ಲಿ ಇಟ್ಟುಕೊಂಡವರಿಗೆ ಅದು ಕೆಳಗಿನಿಂದ ಬಂದ ಪತ್ರ. ಮೇ 3ರ ಸಂಜೆ ಅದೇ ಬಡಾವಣೆಯ ಮಧ್ಯೆ ನೆಲ ಸೀಳಿ ಲಾವಾ ಚಿಮ್ಮಿತು. ಮರುದಿನ 6.9 ತೀವ್ರತೆಯ ಭೂಕಂಪವಾಯಿತು. ಮುಂದಿನ ವಾರಗಳಲ್ಲಿ ಒಟ್ಟು 24 ಬಿರುಕುಗಳು ಬಾಯ್ದೆರೆದು, ಕೊನೆಗೆ ಎಂಟನೆಯದೇ ಮುಖ್ಯವಾಗಿ ಉಳಿದು, ಅದರ ಲಾವಾ ನದಿಯಂತೆ ಹರಿದು ಜೂನ್ ಮೊದಲ ವಾರದಲ್ಲಿ ಕಪೋಹೊ ಕೊಲ್ಲಿಯನ್ನೇ ತುಂಬಿಬಿಟ್ಟಿತು. ಸುಮಾರು 35 ಚದರ ಕಿಲೋಮೀಟರ್ ನೆಲ ಹೊಸ ಕಲ್ಲಿನ ಕೆಳಗೆ ಹೋಯಿತು, 700ಕ್ಕೂ ಹೆಚ್ಚು ಮನೆಗಳು ನಾಶವಾದವು. ಸತ್ತವರು ಯಾರೂ ಇಲ್ಲ.

ಇಲ್ಲಿ ನಿಮ್ಮ ‘ಹತ್ತಿರ ಹೋಗುವುದೇಕೆ’ ಎಂಬ ಪ್ರಶ್ನೆಗೆ ಬರುತ್ತೇನೆ. ಹೊರಬಂದ ಕಲ್ಲನ್ನು ಬಿಸಿಬಿಸಿಯಾಗಿಯೇ ಹಿಡಿದು ತರುವ ಕೆಲಸವನ್ನು ಉಪಗ್ರಹ ಮಾಡಲಾರದು. ಆ ಕೆಲಸ ನಡೆಯುವ ರೀತಿ ಹಳ್ಳಿಯ ಕಮ್ಮಾರಸಾಲೆಯನ್ನು ನೆನಪಿಸುವಷ್ಟು ಸರಳ. ಬೆಂಕಿ ತಡೆಯುವ ಬಟ್ಟೆ, ದಪ್ಪ ಕೈಗವಸು, ಮುಖಕ್ಕೆ ಗುರಾಣಿ, ಅನಿಲದ ಮುಖವಾಡ ತೊಟ್ಟು, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಂತು, ಹರಿಯುತ್ತಿರುವ ಲಾವಾದ ತುದಿಗೆ ಬಗ್ಗಿ, ಸುತ್ತಿಗೆಯ ಮೂತಿಯಿಂದ ಒಂದು ಮುದ್ದೆಯನ್ನು ಕೀಳುತ್ತಾರೆ. ಹತ್ತಿರ ಹೋಗಲಾಗದ ಕಡೆ ಉಕ್ಕಿನ ತಂತಿಯ ತುದಿಗೆ ಸುತ್ತಿಗೆಯ ತಲೆಯನ್ನು ಕಟ್ಟಿ ಎಸೆದು ಎಳೆದುಕೊಳ್ಳುತ್ತಾರೆ. ಕಿತ್ತ ಮುದ್ದೆ ಕೂಡಲೇ ನೀರಿನ ಬಕೆಟ್‌ಗೆ ಬೀಳಬೇಕು. ನೀರು ಸುಂಯ್ಯೆಂದು ಕುದಿಯುತ್ತದೆ, ಕೆಂಪು ಆರಿ ಕರಿ ಗಾಜಾಗುತ್ತದೆ. ತಾನಾಗಿ ತಣಿಯಲು ಬಿಟ್ಟರೆ ಅದರೊಳಗೆ ಹರಳುಗಳು ಬೆಳೆದು ಹಳೆಯ ಗುರುತು ಅಳಿಸಿಹೋಗುತ್ತದೆ. ಥಟ್ಟನೆ ತಣಿಸಿದರೆ ಆ ಕ್ಷಣದ ಪಾಕ ಇದ್ದ ಹಾಗೆಯೇ ಗಾಜಿನಲ್ಲಿ ಸೆರೆಯಾಗುತ್ತದೆ. ಆ ಗಾಜಿನಲ್ಲಿರುವ ಮೆಗ್ನೀಸಿಯಂ ಪ್ರಮಾಣದಿಂದ ಅದು ಹೊರಬರುವಾಗ ಎಷ್ಟು ಬಿಸಿಯಿತ್ತೆಂದು ಲೆಕ್ಕ ಹಾಕಬಹುದು. ಹಾಗಾಗಿ ತಾಪಮಾಪಕವನ್ನು ಲಾವಾಕ್ಕೆ ಚುಚ್ಚುವ ಸಾಹಸಕ್ಕಿಂತ ಈ ಬಕೆಟ್ಟೇ ಹೆಚ್ಚು ನಂಬಿಕೆಯ ಸಾಧನ.

2018ರಲ್ಲಿ ಈ ಬಕೆಟ್ ಏನು ಹೇಳಿತು ಗೊತ್ತೇ? ಮೊದಲ ದಿನಗಳಲ್ಲಿ ಬಂದ ಲಾವಾ ಸಾಪೇಕ್ಷವಾಗಿ ತಣ್ಣಗಿದ್ದು, ಗಟ್ಟಿಯಾಗಿ, ಅಂಟಂಟಾಗಿ ಇತ್ತು. ಅದರ ರಾಸಾಯನಿಕ ಗುಣ ಅದೇ ವಲಯದಲ್ಲಿ 1955ರಲ್ಲಿ ಹರಿದಿದ್ದ ಲಾವಾವನ್ನು ಹೋಲುತ್ತಿತ್ತು. ಅಂದರೆ ಬೆಟ್ಟ ಹಿಂದೆ ಉಕ್ಕಿದಾಗ ಹೊರಬರದೆ ದಶಕಗಳ ಕಾಲ ನೆಲದೊಳಗೆ ಉಳಿದಿದ್ದ ಪಾಕವನ್ನು ಹಿಂದಿನಿಂದ ಬಂದ ಹೊಸ ಪಾಕ ಮುಂದಕ್ಕೆ ದೂಡುತ್ತಿತ್ತು. ಮಾದರಿಗಳನ್ನು ಹಿಲೊ ಊರಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬೇಗ ಬೇಗ ಪರೀಕ್ಷಿಸುತ್ತಿದ್ದರು. ಮೇ ತಿಂಗಳು ಸಾಗಿದಂತೆ ಗಾಜಿನ ಲೆಕ್ಕ ಬದಲಾಗಿ ಹೆಚ್ಚು ಬಿಸಿಯಾದ, ತೆಳುವಾದ ಪಾಕ ಬೆರೆಯುತ್ತಿರುವುದು ಕಂಡಿತು. ತೆಳುವಾದ ಪಾಕವೆಂದರೆ ವೇಗವಾಗಿ ದೂರ ಓಡುವ ಪಾಕ. ಮನೆ ಬಿಟ್ಟು ಹೋಗಲು ಇನ್ನೆಷ್ಟು ಸಮಯವಿದೆ ಎಂದು ಕೇಳುವವರಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ.

ಡ್ರೋನ್‌ಗಳೂ ಅಲ್ಲಿ ತಮ್ಮ ಪಾಲಿನ ಕೆಲಸ ಮಾಡಿದವು. ಲಾವಾ ಕಾಲುವೆಯ ಮೇಲೆ ತೂಗಿ ನಿಂತು ಹರಿವಿನ ವೇಗವನ್ನು ಅಳೆದವು. ಅದರಿಂದ ಸಿಕ್ಕ ಒಂದು ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕೆಳಗೆ ಲಾವಾ ಹರಿದುಹೋದಷ್ಟೂ ಶಿಖರದ ಸಂಗ್ರಹ ಬರಿದಾಗಿ, ಅದರ ಮೇಲಿನ ನೆಲ ಹೆಚ್ಚುಕಡಿಮೆ ದಿನಕ್ಕೊಮ್ಮೆ ದೊಪ್ಪನೆ ಕುಸಿಯುತ್ತಿತ್ತು. ಆಗಸ್ಟ್ 2ರ ಹೊತ್ತಿಗೆ ಇಂಥ 62 ಕುಸಿತಗಳಾಗಿದ್ದವು. ಅವುಗಳಲ್ಲಿ ಹಲವು 5ರ ಆಸುಪಾಸಿನ ತೀವ್ರತೆಯ ಭೂಕಂಪಕ್ಕೆ ಸಮ. ಒಂದೊಂದು ಕುಸಿತವಾದ ಬಳಿಕವೂ ಸುಮಾರು 40 ಕಿಲೋಮೀಟರ್ ದೂರದ ಎಂಟನೇ ಬಿರುಕಿನಲ್ಲಿ ಹರಿವು ಏರುತ್ತಿತ್ತು: ನಿಮಿಷಗಳಲ್ಲಿ ಆರಂಭವಾಗಿ, ಕೆಲವು ತಾಸುಗಳಲ್ಲಿ ತುದಿ ಮುಟ್ಟಿ, ಮತ್ತೆ ಇಳಿಯುತ್ತಿತ್ತು. ನೀರಿನ ಚೀಲದ ಒಂದು ಬದಿಯನ್ನು ಒತ್ತಿದರೆ ಇನ್ನೊಂದು ಬದಿಯ ತೂತಿನಿಂದ ನೀರು ಜೋರಾಗಿ ಬರುವ ಹಾಗೆ, ನೆಲದೊಳಗೆ 40 ಕಿಲೋಮೀಟರ್ ಉದ್ದಕ್ಕೂ ದಾರಿ ಒಂದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ? ಈ ಕುಸಿತಗಳಲ್ಲೇ ಕುಳಿಯ ಅಂಚಿನಲ್ಲಿದ್ದ ವೀಕ್ಷಣಾಲಯದ ಕಟ್ಟಡವೂ ಬಿರುಕು ಬಿಟ್ಟು, ಅಲ್ಲಿದ್ದವರು ಅದನ್ನು ತೊರೆಯಬೇಕಾಯಿತು. ಹತ್ತಿರದಿಂದ ನೋಡಬೇಕೆಂದು ಜಾಗರ್ ಆರಿಸಿದ ಬೆಟ್ಟ ತುಸು ಅತಿಯಾಗಿಯೇ ಹತ್ತಿರ ಬಂತು ಎನ್ನಬೇಕು.

ಈಗ ಅನಿಲದ ಮಾತು, ಮತ್ತು ನಾನು ಮೊದಲೇ ಹೇಳಿದ ಉದಾಹರಣೆ. ಶಿಲಾಪಾಕದಲ್ಲಿ ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್ ಕರಗಿರುತ್ತವೆ. ಇಂಗಾಲದ್ದು ಆಳದಲ್ಲೇ ಬಿಡಿಸಿಕೊಂಡು ಹೊರಡುತ್ತದೆ, ಗಂಧಕದ್ದು ಪಾಕ ಮೇಲಕ್ಕೆ ಬಂದ ನಂತರ. ಆದ್ದರಿಂದ ಗಂಧಕದ ಅನಿಲ ಏರಿತೆಂದರೆ ಪಾಕ ನೆಲಮಟ್ಟಕ್ಕೆ ಸಮೀಪಿಸಿತೆಂದು ತಿಳಿಯಬಹುದು. ಅದನ್ನು ಅಳೆಯುವುದು ಹೀಗೆ: ಆ ಅನಿಲ ಸೂರ್ಯನ ಬೆಳಕಿನ ನೇರಳಾತೀತ ಭಾಗವನ್ನು ಹೀರುತ್ತದೆ, ಉಪಕರಣವನ್ನು ವಾಹನದ ಮೇಲೆ ಆಕಾಶದ ಕಡೆ ಮುಖ ಮಾಡಿ ಇಟ್ಟು, ಹೊಗೆಯ ಪಟ್ಟಿಯ ಕೆಳಗೆ ಅಡ್ಡಲಾಗಿ ಓಡಿಸಿ, ಎಷ್ಟು ಬೆಳಕು ಕಡಿಮೆಯಾಯಿತೆಂದು ಓದಿ, ಗಾಳಿಯ ವೇಗದಿಂದ ಗುಣಿಸಿದರೆ ದಿನಕ್ಕೆ ಎಷ್ಟು ಟನ್ ಎಂಬುದು ಸಿಗುತ್ತದೆ. ಕಾರ್ಖಾನೆಗಳ ಚಿಮಣಿಯ ಹೊಗೆಯನ್ನು ಅಳೆಯಲು ಮಾಡಿದ ಯಂತ್ರವೇ ಮೊದಲು ಜ್ವಾಲಾಮುಖಿಗೂ ಬಂದದ್ದು.

ಫಿಲಿಪ್ಪೀನ್ಸ್‌ನ ಪಿನಟುಬೊ ಸುಮಾರು 500 ವರ್ಷ ಸುಮ್ಮನಿದ್ದು, 1991ರ ಏಪ್ರಿಲ್ 2ರಂದು ಉಗಿ ಕಾರುತ್ತಾ ಎಚ್ಚರವಾಯಿತು. ಅಲ್ಲಿನ ಜ್ವಾಲಾಮುಖಿ ಮತ್ತು ಭೂಕಂಪ ಸಂಸ್ಥೆಯವರು, ರೇಮುಂಡೊ ಪುನೊಂಗ್ಬಯಾನ್ ಅವರ ನೇತೃತ್ವದಲ್ಲಿ, ಅಮೆರಿಕದ ಭೂಸರ್ವೇಕ್ಷಣೆಯ ತಂಡದೊಂದಿಗೆ ಸೇರಿ ಅಳೆಯತೊಡಗಿದರು. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಗಂಧಕದ ಡೈಆಕ್ಸೈಡ್ ಮೇ 28ರ ಹೊತ್ತಿಗೆ 5,000 ಟನ್ ದಾಟಿತು. ಆಮೇಲೆ, ಜೂನ್ ಮೊದಲ ವಾರದಲ್ಲಿ, ಕೆಲವೇ ನೂರು ಟನ್‌ಗೆ ಇಳಿದುಬಿಟ್ಟಿತು. ಈ ಒಂದು ಅಂಕಿಯನ್ನು ಮಾತ್ರ ಕೈಗೆ ಕೊಟ್ಟರೆ ನೀವೂ ನಾನೂ ‘ಸದ್ಯ, ತಣ್ಣಗಾಯಿತು’ ಎಂದು ಜನರನ್ನು ಮನೆಗೆ ಕಳಿಸುತ್ತಿದ್ದೆವೇನೋ. ಆದರೆ ಅದೇ ದಿನಗಳಲ್ಲಿ ಕಂಪನಗಳು ಹೆಚ್ಚುತ್ತಿದ್ದವು, ಮೇಲಕ್ಕೆ ಬರುತ್ತಿದ್ದವು. ಎರಡನ್ನೂ ಜೊತೆಗಿಟ್ಟು ಓದಿದಾಗ ಕಂಡ ಅರ್ಥವೇ ಬೇರೆ: ಅನಿಲ ಕಡಿಮೆಯಾಗಿಲ್ಲ, ಅದು ಹೊರಬರುವ ಸಂದುಗಳು ಮುಚ್ಚಿಕೊಂಡಿವೆ. ಕುಕ್ಕರಿನ ವಿಸಿಲ್ ನಿಂತಿತೆಂದು ಒಲೆ ಆರಿದೆ ಎನ್ನಲಾಗದು, ತೂತು ಕಟ್ಟಿಕೊಂಡಿರಬಹುದು. ಜೂನ್ 7ರಂದು ಗಟ್ಟಿ ಲಾವಾದ ಗುಮ್ಮಟವೊಂದು ಮೇಲೆದ್ದಿತು, 12ರಂದು ಮೊದಲ ದೊಡ್ಡ ಸ್ಫೋಟ, 15ರಂದು ಮಹಾಸ್ಫೋಟ. ತೆರವಿನ ವಲಯವನ್ನು 10 ಕಿಲೋಮೀಟರಿನಿಂದ 20ಕ್ಕೆ, 30ಕ್ಕೆ, ಕೊನೆಗೆ 40ಕ್ಕೆ ಹಿಗ್ಗಿಸುತ್ತಾ ಹೋಗಿದ್ದರಿಂದ ಕನಿಷ್ಠ 5,000 ಜೀವ ಉಳಿಯಿತೆಂದು ಅಂದಾಜಿದೆ. ಆದರೂ ನೂರಾರು ಜನ ಸತ್ತರು. ಅದೇ ದಿನ ಬಂದ ಯೂನ್ಯಾ ಚಂಡಮಾರುತದ ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಕುಸಿದ ಮಾಡುಗಳೇ ಬಹುಪಾಲು ಕಾರಣ.

ಕಿಲವೇಯಾ ಹರಿಯುತ್ತದೆ, ಪಿನಟುಬೊ ಸಿಡಿಯುತ್ತದೆ, ಏಕೆ? ಮತ್ತೆ ಪಾಕದ ಹದವೇ. ನಿಮ್ಮ ಮನೆಯಲ್ಲಿ ಜೋಳದ ನುಚ್ಚು ಕುದಿಯುವುದನ್ನು ನೆನೆಯಿರಿ. ಬರಿಯ ಎಸರು ಕುದಿಯುವಾಗ ಗುಳ್ಳೆ ಸುಲಭವಾಗಿ ಮೇಲೆದ್ದು ಒಡೆಯುತ್ತದೆ. ನುಚ್ಚು ಬೆಂದು ಗಟ್ಟಿಯಾಗುತ್ತಾ ಬಂದಾಗ ಅದೇ ಗುಳ್ಳೆ ಒಳಗೆ ಸಿಕ್ಕಿಕೊಂಡು, ಉಬ್ಬಿ, ಲೊಟ್ಟೆಂದು ಒಡೆದು ಕೈಗೆ ಸಿಡಿಯುತ್ತದೆ. ಪಾಕವನ್ನು ಅಂಟಾಗಿಸುವುದು ಅದರಲ್ಲಿರುವ ಸಿಲಿಕಾ. ಅದು ಕಡಿಮೆ ಇರುವ ಕಿಲವೇಯಾದ ಬಸಾಲ್ಟ್ ಎಂಬ ಕಲ್ಲಿನ ಪಾಕ ಎಸರಿನ ಹಾಗೆ, ಅದು ಹೆಚ್ಚಿರುವ ಪಿನಟುಬೊದ ಡೇಸೈಟ್ ಎಂಬ ಕಲ್ಲಿನ ಪಾಕ ನುಚ್ಚಿನ ಹಾಗೆ. ಹಾಗಾಗಿಯೇ ‘ಎಷ್ಟು ಹತ್ತಿರ ಹೋಗಬಹುದು’ ಎಂಬುದಕ್ಕೆ ಎಲ್ಲ ಬೆಟ್ಟಗಳಿಗೂ ಒಪ್ಪುವ ಒಂದು ಅಂಕಿ ಇಲ್ಲ. ಕಿಲವೇಯಾದ ಕೆಲವು ಹರಿವುಗಳ ಪಕ್ಕದಲ್ಲಿ ನಡೆದು ಹೋಗಬಹುದು. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತದಿಂದ ಸುಮಾರು 10 ಕಿಲೋಮೀಟರ್ ದೂರದ ದಿಬ್ಬದ ಮೇಲೆ ಕಾವಲಿದ್ದ ವಿಜ್ಞಾನಿ ಡೇವಿಡ್ ಜಾನ್‌ಸ್ಟನ್ 1980ರ ಮೇ 18ರ ಬೆಳಿಗ್ಗೆ ಅದು ಸಿಡಿದಾಗ ಬದುಕಲಿಲ್ಲ. ಅದಕ್ಕೆ ಮೊದಲು ಆ ಜಾಗದಲ್ಲಿ ಕಾವಲಿದ್ದು ಹಿಂದಿನ ದಿನವಷ್ಟೇ ಹೊರಟುಹೋಗಿದ್ದ ಹ್ಯಾರಿ ಗ್ಲಿಕನ್, 11 ವರ್ಷಗಳ ನಂತರ, 1991ರ ಜೂನ್ 3ರಂದು, ಜಪಾನಿನ ಉನ್ಜೆನ್ ಪರ್ವತದಿಂದ ಇಳಿದುಬಂದ ಬಿಸಿ ಬೂದಿ ಮತ್ತು ಅನಿಲದ ಪ್ರವಾಹದಲ್ಲಿ ಸತ್ತರು. ಜ್ವಾಲಾಮುಖಿಗಳನ್ನು ಚಿತ್ರೀಕರಿಸುತ್ತಿದ್ದ ಫ್ರಾನ್ಸಿನ ಮೋರಿಸ್ ಮತ್ತು ಕಾಟ್ಯಾ ಕ್ರಾಫ್ಟ್ ದಂಪತಿಯೂ ಸೇರಿ ಅಲ್ಲಿ ಸತ್ತವರು ಒಟ್ಟು 43 ಜನ. ಮೋರಿಸ್ ಕ್ರಾಫ್ಟ್ ಇಂಥದೇ ಪ್ರವಾಹಗಳ ಅಪಾಯ ತೋರಿಸಲು ಮಾಡಿದ್ದ ಚಿತ್ರೀಕರಣವನ್ನು ಅದೇ ಸಮಯದಲ್ಲಿ ಪಿನಟುಬೊ ಸುತ್ತಲಿನ ಅಧಿಕಾರಿಗಳಿಗೆ ತೋರಿಸಲಾಗುತ್ತಿತ್ತು. ಮಾತಿಗೆ ಬಗ್ಗದವರು ಆ ಚಿತ್ರಗಳಿಗೆ ಬಗ್ಗಿದರು. ಹತ್ತಿರ ಹೋಗುವುದರಲ್ಲಿ ವೀರತನವಿದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ದೂರದಿಂದ ಸಿಗದ ಮಾದರಿಗಾಗಿ ಮಾತ್ರ, ಆ ದಿನದ ಅಂಕಿಗಳು ಅನುಮತಿಸಿದಷ್ಟು ಹೊತ್ತು ಮಾತ್ರ ಹೋಗಿ ಬರಬೇಕು. ನೀವು ನೋಡಿದಂಥ ಕ್ಯಾಮೆರಾಗಳನ್ನು ಅಂಚಿನಲ್ಲಿ ನೆಡುವುದು, ಮನುಷ್ಯರು ನಿಲ್ಲಬಾರದ ಕಡೆ ಅವು ನಿಲ್ಲಲಿ ಎಂದೇ.

ಮುಂಗಾಣ್ಕೆಯ ಪ್ರಶ್ನೆಗೆ ನೇರ ಉತ್ತರ: ಆರಂಭವನ್ನು ಹಲವು ಬಾರಿ ಹೇಳಬಹುದು, ಅಂತ್ಯವನ್ನು ಹೇಳುವುದು ಬಹಳ ಕಷ್ಟ. ಕಿಲವೇಯಾದಲ್ಲಿ 2024ರ ಡಿಸೆಂಬರ್ 23ರಿಂದ ಶಿಖರದ ಕುಳಿಯಲ್ಲಿ ಕಾರಂಜಿ ಚಿಮ್ಮುವುದು, ನಿಲ್ಲುವುದು, ಮತ್ತೆ ಚಿಮ್ಮುವುದು ಕಂತುಕಂತಾಗಿ ನಡೆದಿದೆ. ಪ್ರತಿ ಕಂತಿನ ಬಳಿಕ ನೆಲ ಕುಗ್ಗುತ್ತದೆ, ಮತ್ತೆ ನಿಧಾನವಾಗಿ ಉಬ್ಬುತ್ತದೆ. ಉಬ್ಬು ಹಿಂದಿನ ಮಟ್ಟಕ್ಕೆ ಹತ್ತಿರ ಬಂತೆಂದರೆ ಮುಂದಿನ ಕಂತು ಇಂಥ ದಿನಗಳ ನಡುವೆ ಆಗಬಹುದೆಂದು ವೀಕ್ಷಣಾಲಯ ಪ್ರಕಟಿಸುತ್ತದೆ. ಇದು ಸಾಧ್ಯವಾಗುವುದು ಆ ಬೆಟ್ಟದ ನಾಡಿಯನ್ನು ನೂರು ವರ್ಷಕ್ಕೂ ಮೀರಿ ಹಿಡಿದು ಕುಳಿತಿರುವುದರಿಂದ. ಅಂಥ ದಾಖಲೆಯಿಲ್ಲದ ಬೆಟ್ಟದ ಬಗ್ಗೆ ಇಂಥ ದಿನವೆಂದು ಹೇಳುವವರನ್ನು ನಾನು ಪಂಚಾಂಗದವರ ಸಾಲಿಗೆ ಸೇರಿಸುತ್ತೇನೆ.

ಕೊನೆಯ ಪ್ರಶ್ನೆ, ನಮ್ಮ ಕಡೆಯದು. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್. ಅದು ಉಕ್ಕಿದ ಮೊದಲ ದಾಖಲೆ 1787ರದು; ಬಹುಕಾಲ ಶಾಂತವಾಗಿದ್ದು 1991ರಲ್ಲಿ ಮತ್ತೆ ಎದ್ದು, ಅಂದಿನಿಂದ ಆಗಾಗ ಕೆರಳುತ್ತಲೇ ಇದೆ. ಅಲ್ಲಿ ಜನವಸತಿ ಇಲ್ಲ, ಹೋಗುವುದಾದರೆ ಹಡಗಿನಲ್ಲೇ ಹೋಗಬೇಕು. 2017ರ ಜನವರಿ 23ರಂದು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಹತ್ತಿರದ ಸಮುದ್ರತಳದ ಮಾದರಿ ತೆಗೆಯುತ್ತಿದ್ದಾಗ ದ್ವೀಪ ತಟ್ಟನೆ ಬೂದಿ ಕಾರತೊಡಗಿತು. ಸುಮಾರು ಒಂದು ಮೈಲಿ ದೂರದಲ್ಲಿ ಹಡಗು ನಿಲ್ಲಿಸಿ ನೋಡಿದರು. 5ರಿಂದ 10 ನಿಮಿಷಗಳ ಕಂತುಗಳಲ್ಲಿ ಉಗುಳುತ್ತಿತ್ತು. ಹಗಲಿನಲ್ಲಿ ಕಂಡದ್ದು ಬೂದಿಯ ಮೋಡ ಮಾತ್ರ. ಸೂರ್ಯ ಮುಳುಗಿದ ಮೇಲೆಯೇ ಕುಳಿಯಿಂದ ಚಿಮ್ಮುವ ಕೆಂಪು ಲಾವಾ, ಇಳಿಜಾರಿನಲ್ಲಿ ಇಳಿಯುವ ಅದರ ಗೆರೆ ಕಂಡವು. ಒಂದೇ ಬೆಟ್ಟ, ಒಂದೇ ದಿನ. ಹಗಲಿನ ಟಿಪ್ಪಣಿಯಷ್ಟನ್ನೇ ಓದಿದವರಿಗೆ ಅಲ್ಲಿ ಲಾವಾ ಇತ್ತೆಂದೇ ತಿಳಿಯುತ್ತಿರಲಿಲ್ಲ.

ಆದರೆ ನೀವು ಅಂಡಮಾನಿಗೆ ಹೋಗುವ ಮೊದಲು ನಿಮ್ಮ ಹೊಲದ ಬದುವಿಗೆ ಹೋಗಬೇಕು. ವಿಜಯಪುರದ ಕರಿನೆಲದ ಕೆಳಗಿರುವುದು ದಖ್ಖನ್ ಲಾವಾ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದದ್ದು. ಗೋಳಗುಮ್ಮಟದ ಕಲ್ಲೂ ಅದೇ ಬಸಾಲ್ಟ್. ದಖ್ಖನ್‌ನ ದಪ್ಪ ಪದರಗಳನ್ನು ಕಂಡವರು ಅವು ದಪ್ಪಗೆ, ರಭಸದಿಂದ ಹರಿದಿರಬೇಕೆಂದು ಬಹುಕಾಲ ಭಾವಿಸಿದ್ದರು. ಕಿಲವೇಯಾದ ಕಲಪಾನ ಎಂಬ ಊರನ್ನು 1990ರಲ್ಲಿ ಲಾವಾ ಆವರಿಸಿದಾಗ ಅಳೆದವರು ಕಂಡದ್ದು ಬೇರೆ: ಬರುವಾಗ ಲಾವಾ ಮೊಣಕಾಲನ್ನೂ ಮುಟ್ಟದಷ್ಟು ತೆಳು, ಅದರ ಮೇಲೆ ಕೆನೆಗಟ್ಟಿ ಗಟ್ಟಿಯಾದ ನಂತರ, ಆ ಹೊದಿಕೆಯ ಕೆಳಗೆ ಹಿಂದಿನಿಂದ ಹೊಸ ಲಾವಾ ತೂರುತ್ತಾ ತೂರುತ್ತಾ ಎರಡು ವಾರಗಳ ಆಸುಪಾಸಿನಲ್ಲಿ ಸುಮಾರು 4 ಮೀಟರ್ ದಪ್ಪಕ್ಕೆ ಉಬ್ಬಿತು. ಆ ಕಣ್ಣಿನಿಂದ ನೋಡಿದಾಗ ದಖ್ಖನ್‌ನ ಹಲವು ಪದರಗಳಲ್ಲೂ ಇದೇ ಉಬ್ಬಿನ ಗುರುತುಗಳು ಸಿಕ್ಕವು. ಬೇಸಿಗೆಯಲ್ಲಿ ನೀರು ಇಳಿದ ತೆರೆದ ಬಾವಿಯನ್ನೋ ಕಲ್ಲು ಗಣಿಯನ್ನೋ ಹುಡುಕಿ, ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಒಂದು ಪದರದ ಮೇಲ್ಭಾಗ ಇಡ್ಲಿಯ ಹಾಗೆ ತೂತುತೂತಾಗಿರುತ್ತದೆ, ನಡುಭಾಗ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ತೀರಾ ತಳದಲ್ಲಿ ಕೆಲವೆಡೆ ಬೆರಳುದ್ದದ ಕೊಳವೆಯಂಥ ಗುಳ್ಳೆಗಳು ನೆಟ್ಟಗೆ ನಿಂತಿರುತ್ತವೆ. ಅವುಗಳಲ್ಲಿ ತಲೆ ಬಾಗಿದವು ಸಿಕ್ಕರೆ, ಬಾಗಿದ ದಿಕ್ಕನ್ನು ದಿಕ್ಸೂಚಿಯಿಂದ ಅಳೆದು ಬರೆದುಕೊಳ್ಳಿ. ಆ ಜಾಗದಲ್ಲಿ ಲಾವಾ ಹರಿದು ಹೋದದ್ದು ಆ ಕಡೆಗೆ.